ಸಾಯುವ ಮೊದಲೇ ತಿಥಿ: ‘ಪರ್ಷಿಯನ್ ಪತ್ರಗಳು’ ಕಾಲಪಟ, ಮೂರನೇ ಕಂತು

ಕೊನೆಗೂ ಬಗೆಹರಿಯಿತು! ‘ಪರ್ಷಿಯನ್ ಪತ್ರಗಳು’ ಮೊಂಟೆಸ್ಕ್ಯೂನ ಫ್ರೆಂಚ್ ಕಾದಂಬರಿ, ಪೂರಾ ಪತ್ರಗಳಲ್ಲೇ ಇದೆ; ಅವನ್ನು ತಾರೀಖಿನಂತೆ ಕಾಗದದ ಸುರುಳಿಯ ಮೇಲೆ ಜೋಡಿಸುವುದೇ ಈ ಕಾಲಪಟ. 161 ಪತ್ರಗಳೂ ತಾರೀಖಿನ ಸಾಲಿನಲ್ಲಿ ಕೂತಿವೆ. ಯಾರು, ಯಾರಿಗೆ, ಯಾವ ಊರಿಂದ ಅನ್ನುವ ಕಾಲಂ ತುಂಬುವುದು ಕೂಲಿ ಕೆಲಸ, ಬಿಡಿ. ಕಾಡಿದ್ದು 92ನೇ ಪತ್ರ.

ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ ತೀರಿಕೊಂಡನೆಂದು ಕಥಾನಾಯಕ, ಪ್ಯಾರಿಸ್‌ನಲ್ಲಿರುವ ಪರ್ಷಿಯದ ಉಜ್ಬೆಕ್ ಬರೆಯುವ ಪತ್ರ ಅದು. ತಾರೀಖು ರಜಬ್ 4, 1715. ರಜಬ್ ಇಸ್ಲಾಮಿ ಪಂಚಾಂಗವಾದ ಹಿಜರಿಯ ತಿಂಗಳು; ಹಿಜರಿ ತಾರೀಖನ್ನು ನಮ್ಮ ಕ್ಯಾಲೆಂಡರಿಗೆ ತರುವ ಪರಿವರ್ತಕಕ್ಕೆ ಹಾಕಿದರೆ ಜುಲೈ ಮೊದಲ ವಾರ ಬರುತ್ತದೆ. ಲೂಯಿ ಸತ್ತದ್ದು ಸೆಪ್ಟೆಂಬರ್ 1ಕ್ಕೆ. ಜೀವಂತ ರಾಜನಿಗೆ ತಿಥಿ!

ಮೊದಲ ಅನುಮಾನ ಪ್ರತಿಯ ಮೇಲೆ. 1721ರ ಮೊದಲ ಮುದ್ರಣದಲ್ಲಿ 150 ಪತ್ರ, ಅದೇ ವರ್ಷದ ಎರಡನೆಯದರಲ್ಲಿ 140, 1758ರದರಲ್ಲಿ 161. ತರಿಸಿದ ಮರುಮುದ್ರಣದಲ್ಲಿ ಇದು ಯಾವುದರ ನಕಲು ಎಂದು ಎಲ್ಲೂ ಇಲ್ಲ, ಬೆಲೆ ಮಾತ್ರ ಎರಡು ಕಡೆ ಇದೆ. ಎಣಿಸಿದೆ, 161 ಸರಿಯಾಗಿತ್ತು. ತಪ್ಪು ಪುಸ್ತಕದ್ದಲ್ಲ, ಪರಿವರ್ತಕ ಹಿಡಿದದ್ದೇ ತಪ್ಪು.

ನಮ್ಮ ಚಾಂದ್ರಮಾನವನ್ನು ಅಧಿಕಮಾಸ ಋತುವಿಗೆ ಎಳೆದು ಕಟ್ಟುತ್ತದೆ. ಹಿಜರಿಗೆ ಆ ಹಗ್ಗವಿಲ್ಲ, ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. ಮೊಂಟೆಸ್ಕ್ಯೂ ತಿಂಗಳ ಹೆಸರನ್ನಷ್ಟೇ ಸಾಲ ಪಡೆದು ಮೊಹರಂ ಅನ್ನು ಮಾರ್ಚ್‌ಗೆ ಮೊಳೆ ಹೊಡೆದು ಕೂರಿಸಿದ್ದಾನೆ. ಸಫರ್ ಏಪ್ರಿಲ್, ಎರಡು ರಬೀಗಳು ಮೇ–ಜೂನ್, ಎರಡು ಜುಮಾದಾ ಜುಲೈ–ಆಗಸ್ಟ್, ರಜಬ್ ಸೆಪ್ಟೆಂಬರ್, ಹೀಗೆ ಶವ್ವಾಲ್ ಡಿಸೆಂಬರ್. ಈಗ 92ನೆಯದು ಸೆಪ್ಟೆಂಬರ್ 4. ಮೂರು ದಿನದ ಹಳೆಯ ಸುದ್ದಿ, ಸರಿಯಾಗಿದೆ. ಮೊದಲ ಪತ್ರದಲ್ಲಿ (1711, ಸಫರ್ 15) ಪರಿವರ್ತಕಕ್ಕೂ ಮೊಂಟೆಸ್ಕ್ಯೂನ ಲೆಕ್ಕಕ್ಕೂ ವ್ಯತ್ಯಾಸ ಬರೀ 11 ದಿನ, ಹಾಗಾಗಿ ಅಲ್ಲಿ ಗುಮಾನಿಯೇ ಬರುವುದಿಲ್ಲ. 1720ಕ್ಕೆ ಮೂರೂವರೆ ತಿಂಗಳು ದಾಟುತ್ತದೆ.

ಇನ್ನೊಂದು ಗುಂಡಿ: ಜಿಲ್ಕಾದ್, ಜಿಲ್ಹಜ್ ಹಿಜರಿಯಲ್ಲಿ 11, 12ನೇ ತಿಂಗಳು. ಇಲ್ಲಿ ಇಸವಿ ಕ್ರಿಸ್ತಶಕದ್ದಾದ್ದರಿಂದ ಅವು ಜನವರಿ, ಫೆಬ್ರವರಿ. ಹಿಜರಿ ಕ್ರಮಸಂಖ್ಯೆಯಲ್ಲಿ ಜೋಡಿಸಿದರೆ 148ನೆಯದು (ಫೆಬ್ರವರಿ 11, 1718) ಜುಲೈ 5ರ 149ನೆಯದು ಆದಮೇಲೆ ಹೋಗಿ ನಿಲ್ಲುತ್ತದೆ.

ಎಕ್ಸೆಲ್ 1900ಕ್ಕಿಂತ ಹಿಂದಿನದನ್ನು ತಾರೀಖೆಂದೇ ಒಪ್ಪುವುದಿಲ್ಲ. ಎಲ್ಲ ಇಸವಿಗೂ 400 ಕೂಡಿಸಿ, 1715 ಅನ್ನು 2115 ಮಾಡಿ. ಗ್ರೆಗೋರಿಯನ್ ಚಕ್ರ 400 ವರ್ಷಕ್ಕೆ ಮರಳುವುದರಿಂದ ವಾರವೂ ದಿನಗಳ ಅಂತರವೂ ಕೆಡುವುದಿಲ್ಲ. ಲೆಕ್ಕ ಹಾಕಿ: ಊರಲ್ಲಿ ಉಜ್ಬೆಕನ ಹೆಂಡಿರಿರುವ ಜನಾನಾ ಕೈಮೀರಿದೆ ಎಂಬ 147ನೇ ಪತ್ರಕ್ಕೂ ಅವನ ಉತ್ತರಕ್ಕೂ (148) ನಡುವೆ 163 ದಿನ. ಪ್ಯಾರಿಸ್‌ನಲ್ಲಿ ಕೂತು ಲೋಕನ್ಯಾಯ ಹೇಳುವವನ ಮನೆವಾರ್ತೆ ಇದು.

ಮುಂದಿನದು ದಾರಿಯ ನಕ್ಷೆ. ಉಜ್ಬೆಕ್ ಬಂದ ದಾರಿ ಅದು: ಈಗಿನ ಟರ್ಕಿಯ ತೋಕಾತ್‌ನಿಂದ ಅಲ್ಲಿನದೇ ಬಂದರು ಸ್ಮಿರ್ನಾಕ್ಕೆ 35 ದಿನ, ಅಲ್ಲಿಂದ ಇಟಲಿಯ ಲಿವೋರ್ನೋಗೆ ಹಡಗಿನಲ್ಲಿ 40. ಅದಕ್ಕೆ ದಾರ ಸಾಕು, ಕಾಗದ ಬೇಡ. ಕಾಗದವೇ ಸಾಲದು: ಕಾಲಪಟಕ್ಕೆ ತಂದ ಅಂಗಡಿಯ ‘ಮೂರು ಮೀಟರ್’ ಸುರುಳಿ ಅಳೆದರೆ 220 ಸೆಂ.ಮೀ. ತಿಂಗಳಿಗೆ 2 ಸೆಂ.ಮೀ.ನಂತೆ 1711ರ ಏಪ್ರಿಲ್‌ನಿಂದ 1720ರ ನವೆಂಬರ್‌ವರೆಗೆ 232 ಬೇಕು. ಪಟ ಮೇ ತಿಂಗಳಿಗೇ ಮುಗಿಯುತ್ತದೆ, ಅಂದರೆ ಉಜ್ಬೆಕನ ಹೆಂಡತಿ ರೋಕ್ಸಾನಳ ಮೇ 8ರ ಕೊನೆಯ ಪತ್ರಕ್ಕೆ. ಪುಸ್ತಕವೂ ಅಲ್ಲಿಗೇ ಮುಗಿಯುತ್ತದೆ. ಆದರೂ ನವೆಂಬರ್ 11ರ 146ನೆಯದಕ್ಕೆ 12 ಸೆಂ.ಮೀ. ತುಂಡು ಅಂಟಿಸಲೇಬೇಕು.