ಪಿಷ್ಟದ ಬಿಲ್ಲೆ ಸೀರಮ್‌ನಲ್ಲಿ ಕರಗಿತೋ, ಒಡೆಯಿತೋ?

ಹಾಸನದ ಆಲೂಗಡ್ಡೆಯಿಂದ ಪಿಷ್ಟ ತೆಗೆದು ಔಷಧಿ ತುಂಬುವ ಬಿಲ್ಲೆ ಮಾಡಹೊರಟವರು ಅದು ರಕ್ತದ ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಬೇರ್ಪಡುವ ತಿಳಿ ದ್ರವ) ಎಷ್ಟು ದಿನ ಉಳಿಯುತ್ತದೆಂದು ನೋಡಲೇಬೇಕು. ಹಲವರು ತೂಕ ಇಳಿದದ್ದನ್ನಷ್ಟೇ ಬರೆದುಕೊಂಡು ಸುಮ್ಮನಾಗುತ್ತಾರೆ. ಅಷ್ಟು ಸಾಲದು. ಸಕ್ಕರೆ ಘಟಕಗಳು ಸೇರಿ ಆದ ಉದ್ದದ ಅಣು, ಅಂದರೆ ಸರಪಳಿ, ತುಂಡಾಗದೆಯೂ ತೂಕ ಇಳಿಯುತ್ತದೆ.

ಪಿಷ್ಟದ ಘಟಕಗಳನ್ನು ಜೋಡಿಸುವ ಆಲ್ಫಾ-1,4 ಕೊಂಡಿ ಕತ್ತರಿಸುವ ಅಮೈಲೇಸ್ ಎಂಬ ಕಿಣ್ವ ಸೀರಮ್‌ನಲ್ಲೇ ಇದೆ. ಬೇರೆ ಪದಾರ್ಥದ ಬಿಲ್ಲೆಯಾದರೆ ಕಥೆ ಬೇರೆ: ಸಸ್ಯದ ನಾರಾದ ಸೆಲ್ಯುಲೋಸ್ ಒಡೆಯುವ ಕಿಣ್ವ ಮನುಷ್ಯರಲ್ಲಿಲ್ಲ. ಸೀಗಡಿ ಚಿಪ್ಪಿನಿಂದ ಬರುವ ಕೈಟೋಸಾನ್ ಲೈಸೋಜೈಮ್ ಎಂಬ ಇನ್ನೊಂದು ಕಿಣ್ವಕ್ಕೆ ಸಿಗುತ್ತದೆ, ಆದರೆ ಅಸಿಟೈಲ್ ಗುಂಪು ಉಳಿದ ಘಟಕಗಳು ಸಾಲಾಗಿರುವ ಕಡೆ ಮಾತ್ರ. ಅಸಿಟೈಲ್ ಪೂರ್ತಿ ತೆಗೆದದ್ದು ವಾರಗಟ್ಟಲೆ ಬಹುಪಾಲು ಹಾಗೇ ಇರುತ್ತದೆ. ಕಡಲಕಳೆಯಿಂದ ಬರುವ ಆಲ್ಜಿನೇಟ್ ಜೆಲ್‌ನ ದಾರಿಯೇ ಬೇರೆ. ಅದನ್ನು ಹಿಡಿದಿಟ್ಟ ಕ್ಯಾಲ್ಸಿಯಂ ಜಾಗಕ್ಕೆ, ಸೀರಮ್‌ನಲ್ಲಿ ಲೀಟರಿಗೆ ಸುಮಾರು 140 ಮಿಲಿಮೋಲ್ ಇರುವ ಸೋಡಿಯಂ ನುಗ್ಗುತ್ತದೆ. ಜೆಲ್ ಕರಗುತ್ತದೆ, ಸರಪಳಿ ಉದ್ದವಾಗಿಯೇ ಉಳಿಯುತ್ತದೆ. ಅಷ್ಟು ಉದ್ದದ್ದು ಮೂತ್ರಪಿಂಡದಲ್ಲಿ ಸೋಸಿ ಹೊರಹೋಗದು. ರೋಗಿಯ ಮಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ.

ರಕ್ತ ಸಂಗ್ರಹಿಸಲು, ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ರಾಸಾಯನಿಕ ಇರುವ ನೇರಳೆ ಮುಚ್ಚಳದ ಟ್ಯೂಬ್ ಬೇಡವೇ ಬೇಡ. ಅಮೈಲೇಸ್‌ಗೆ ಕ್ಯಾಲ್ಸಿಯಂ ಬೇಕು, ಇಡಿಟಿಎ ಅದನ್ನೇ ಕಿತ್ತುಕೊಳ್ಳುತ್ತದೆ. ಆಗ ಪಿಷ್ಟ ಇರುವುದಕ್ಕಿಂತ ಗಟ್ಟಿಯಾಗಿಯೂ ಆಲ್ಜಿನೇಟ್ ಇರುವುದಕ್ಕಿಂತ ದುರ್ಬಲವಾಗಿಯೂ ಕಾಣುತ್ತದೆ. ಕೆಂಪು ಮುಚ್ಚಳದ ಟ್ಯೂಬ್‌ನಲ್ಲಿ ರಕ್ತವನ್ನು ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಗುರುತ್ವದ 1,500 ಪಟ್ಟು (1,500 ಜಿ) ಬಲದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಸೀರಮ್ ಬೇರ್ಪಡಿಸಿ. ಸೋಂಕಿನ ಭಯ ಇದ್ದದ್ದೇ: ಕೈಗವಸು, ನೈತಿಕ ಸಮಿತಿಯ ಒಪ್ಪಿಗೆ ಎರಡೂ ಇರಲಿ.

ಬಿಲ್ಲೆಯನ್ನು ಈ ಸೀರಮ್‌ನಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಶೇ 0.02 ಸೋಡಿಯಂ ಅಜೈಡ್ ಬೆರೆಸದಿದ್ದರೆ ಬ್ಯಾಕ್ಟೀರಿಯಾ ತಿಂದದ್ದೂ ಸೀರಮ್‌ನ ಲೆಕ್ಕಕ್ಕೆ ಸೇರುತ್ತದೆ. ಅಜೈಡ್ ವಿಷ, ಸಿಂಕಿಗೆ ಸುರಿದರೆ ತಾಮ್ರ, ಸೀಸದ ಪೈಪಿನಲ್ಲಿ ಸ್ಫೋಟಕ ಲವಣವಾಗಬಹುದು. ಕಿಣ್ವದ ಬಲ ಇಳಿಯುವುದರಿಂದ ಎರಡು ಮೂರು ದಿನಕ್ಕೊಮ್ಮೆ ಸೀರಮ್ ಬದಲಿಸಿ. ತೆರೆದಿಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಟು ಪಿಎಚ್ 8ರತ್ತ ಏರುತ್ತದೆ, ಶೇ 5 ಕಾರ್ಬನ್ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರ್ ಒಳ್ಳೆಯದು. ಹೋಲಿಕೆಗೆ ಸೀರಮ್ ಇಲ್ಲದ ಬಫರ್‌ನಲ್ಲೂ (ಪಿಎಚ್ ಸ್ಥಿರವಾಗಿಡುವ ದ್ರಾವಣ) ಒಂದು ಬಿಲ್ಲೆ ಇರಲಿ. ಆಲ್ಜಿನೇಟ್‌ಗೆ ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪುನೀರಿನ ಬಫರ್) ಆಗದು, ಅದರ ಫಾಸ್ಫೇಟ್ ಕ್ಯಾಲ್ಸಿಯಂ ಎಳೆಯುತ್ತದೆ.

ತೂಕ ನೋಡುವಾಗ ಇನ್ನೊಂದು ಮೋಸ: ಸೀರಮ್ ಪ್ರೋಟೀನ್ ಮೇಲ್ಮೈಗೆ ಅಂಟಿ ನಷ್ಟವನ್ನು ಮುಚ್ಚಿಹಾಕುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಫ್ರೀಜ್ ಡ್ರೈ ಮಾಡಿ, ಅಂದರೆ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿ. ಚಿಕ್ಕಮಗಳೂರಿನ ಮಳೆಗಾಲದಲ್ಲಿ ಒಣಗಿದ ಪಿಷ್ಟ ತಕ್ಕಡಿಯ ಮೇಲೆಯೇ ತೇವ ಹೀರಿ ತೂಕ ಏರಿಸುತ್ತದೆ, ತೇವ ತಟ್ಟದಂತೆ ಇಡುವ ಡೆಸಿಕೇಟರ್‌ನಿಂದ ತೆಗೆದ ಕೂಡಲೇ ತೂಗಿ.

ಒಡೆದದ್ದು ಖಚಿತವಾಗಬೇಕಾದರೆ ಡಿಎನ್‌ಎಸ್ ವಿಧಾನದಲ್ಲಿ (ಸಕ್ಕರೆ ಸೇರಿದಾಗ ಬಣ್ಣ ಬದಲಿಸುವ ರಾಸಾಯನಿಕದ ಪರೀಕ್ಷೆ) ಬಿಡುಗಡೆಯಾದ ಸಕ್ಕರೆ ಅಳೆಯಿರಿ. ಸೀರಮ್‌ನಲ್ಲೇ ಲೀಟರಿಗೆ ಸುಮಾರು 5 ಮಿಲಿಮೋಲ್ ಗ್ಲೂಕೋಸ್ ಇರುವುದರಿಂದ ಬಿಲ್ಲೆ ಹಾಕುವ ಮೊದಲೇ ಸೀರಮ್‌ಗೆ ಡಯಾಲಿಸಿಸ್ ಮಾಡಿ (ಪೊರೆಯ ಮೂಲಕ ಸಣ್ಣ ಅಣುಗಳನ್ನು ಹೊರಹಾಕುವುದು), ಇಲ್ಲವೇ ಬಿಲ್ಲೆ ಹಾಕದ ಸೀರಮ್‌ನ ಅಂಕಿ ಕಳೆಯಿರಿ.