ಆಜಿಯ ಬೀಸುಕಲ್ಲು

2024ರ ನವೆಂಬರ್ 5ರ ರಾತ್ರಿ. ರೈಲು ಜಬಲ್‌ಪುರ ದಾಟಿತ್ತು. ಬೆಂಗಳೂರಿನಿಂದ ದಾನಾಪುರಕ್ಕೆ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್ ತುಂಬಾ ಛಠ್ ಹಬ್ಬಕ್ಕೆ, ಅಂದರೆ ಬಿಹಾರದ ಸೂರ್ಯಪೂಜೆಗೆ, ಊರಿಗೆ ಹೊರಟವರೇ. ನಮ್ಮ ಕಟ್ಟಡದ ಎಲೆಕ್ಟ್ರಿಷಿಯನ್ ಮತ್ತು ಅವರ ಹೆಂಡತಿ ಕರೆದರೆಂದು ನಾನೂ ಜೊತೆಗಿದ್ದೆ. ಯಾರದೋ ಮೊಬೈಲಿಗೆ ಸುದ್ದಿ ಬಂತು: ಶಾರದಾ ಸಿನ್ಹಾ ಇನ್ನಿಲ್ಲ. ಛಠ್ ಹಾಡು ಎಂದರೆ ಬಿಹಾರಿನವರಿಗೆ ಅವರ ದನಿಯೇ. ಹಬ್ಬದ ಮೊದಲ ದಿನವೇ ಹೋಗಿಬಿಟ್ಟರು. ಬೋಗಿ ಗಪ್‌ಚಿಪ್ ಆಯಿತು. ಸ್ವಲ್ಪ ಹೊತ್ತಿಗೆ ಒಂದೊಂದೇ ಬರ್ತಿನಿಂದ ಅವರ ಹಾಡು ಕೇಳತೊಡಗಿತು.

ಭೋಜಪುರಿಯಲ್ಲಿ ರೈಲನ್ನೇ ಸವತಿ ಎಂದು ಬೈಯುವ ಹಾಡುಗಳಿವೆ. ಗಂಡನನ್ನು ಕಲ್ಕತ್ತೆಗೆ ಎಳೆದುಕೊಂಡು ಹೋಗಿದ್ದು ಅದೇ ಅಲ್ವಾ? ದುಡಿಯಲು ಖರಗ್‌ಪುರಕ್ಕೆ ಹೋಗಿ ಮರಳಿದ್ದ ಭಿಖಾರಿ ಠಾಕುರ್ (1887–1971) ಈ ಸಂಕಟವನ್ನೇ ನಾಟಕ ಕಟ್ಟಿ ಊರೂರಲ್ಲಿ ಆಡಿದರು. ಅವರ ಊರು ಕುತುಬ್‌ಪುರ ಇರುವುದು ನಾವು ಹೊರಟಿದ್ದ ಸಾರಣ ಜಿಲ್ಲೆಯಲ್ಲೇ. ಈಗ ಆ ರೈಲು ಬೆಂಗಳೂರಿಗೂ ಬರುತ್ತಿದೆ.

ದೀಘಾ ಸೇತುವೆಯಲ್ಲಿ ಗಂಗೆ ದಾಟಿ, ಛಪ್ರಾ ಹತ್ತಿರದ ಹಳ್ಳಿ ಸೇರಿದಾಗ ಅಂಗಳದಲ್ಲಿ ಬೀಸುಕಲ್ಲು ತಿರುಗುತ್ತಿತ್ತು. ಅಲ್ಲಿ ಅಜ್ಜಿಗೆ ಆಜಿ ಎನ್ನುತ್ತಾರೆ, ಬೀಸುಕಲ್ಲಿಗೆ ಜಾಂತಾ. ತೊಳೆದು, ಹಕ್ಕಿ ಮುಟ್ಟದಂತೆ ಕಾದು ಒಣಗಿಸಿದ ಗೋಧಿ ಅದು. ಛಠ್ ಪ್ರಸಾದದ ಸಿಹಿತಿಂಡಿ ಠೇಕುವಾ ಮಾಡಲು. ಆಜಿ ಮತ್ತು ಸೊಸೆ ಎದುರುಬದುರು ಕೂತು ಒಂದೇ ಗೂಟ ಹಿಡಿದಿದ್ದರು. ಆಜಿ ಹಾಡುತ್ತಿದ್ದರು. ಕಲ್ಲು ನಿಧಾನವಾದರೆ ರಾಗವೂ ನಿಧಾನ. ಇದು ಜಂತಸಾರ್, ಬೀಸುವಾಗ ಹಾಡುವ ಪದ. ಅತ್ತೆಮನೆಯ ಕಷ್ಟ, ಕರೆಯಲು ಬರದ ಅಣ್ಣ, ತವರಿನ ನೆನಪು. ಕಾಳು ಜಾಸ್ತಿ ಇದ್ದಷ್ಟೂ ಕತೆ ಉದ್ದ.

"ವರ್ಷಪೂರ್ತಿ ಹಿಟ್ಟು ಗಿರಣಿಯಿಂದಲೇ ಬರುತ್ತೆ ಬಬುನಿ. ಸುಮ್ನೆ ಕೂತು ಹಾಡು ಅಂದರೆ ನನಗೆ ಇದು ನೆನಪಾಗಲ್ಲ" ಎಂದರು. ಕೈ ತಿರುಗಿದರೆ ಮಾತ್ರ ಸಾಲು ಬರುತ್ತದಂತೆ. ನನಗೆ ಹೊಟ್ಟೆಯಲ್ಲಿ ಕಸಿವಿಸಿಯಾಯಿತು.

ಮರುದಿನ ಸಂಜೆ ಸರಯೂ ದಂಡೆ. ಗಂಡಸರ ತಲೆಯ ಮೇಲೆ ಹಣ್ಣು ತುಂಬಿದ ಬಿದಿರ ಬುಟ್ಟಿ. ಮೂಗಿನ ತುದಿಯಿಂದ ಬೈತಲೆವರೆಗೆ ಕಿತ್ತಳೆ ಸಿಂಧೂರ ಹಚ್ಚಿದ, ನೀರೂ ಮುಟ್ಟದ ಹೆಂಗಸರು. ಧ್ವನಿವರ್ಧಕದಲ್ಲಿ ಸಿನಿಮಾ ಧಾಟಿಯ ಛಠ್ ಹಾಡು ಕಿವಿ ಒಡೆಯುತ್ತಿತ್ತು. ನನಗೆ ಸಿಟ್ಟು ಬಂತು. ಆದರೆ ಹೆಂಗಸರು ತಲೆಗೆ ತಲೆ ತಾಗಿಸಿ ಕೂತು ತಮ್ಮ ಹಾಡು ಶುರುಮಾಡಿಯೇಬಿಟ್ಟರು. ಅರ್ಧ ಗುಂಪು ಹಾಡಿದ ಸಾಲನ್ನು ಉಳಿದರ್ಧ ಮತ್ತೆ ಹಾಡುತ್ತದೆ. ಸಾಲು ಗೊತ್ತಿಲ್ಲದ ಮೊಮ್ಮಗಳೂ ಹಾಗೇ ಕಲಿಯುತ್ತಿದ್ದಳು. ಈ ಹಾಡಿಲ್ಲದೆ ಪೂಜೆ ಆಗುವುದಿಲ್ಲ, ಆದ್ದರಿಂದ ಅದು ಉಳಿದಿದೆ. ಜಂತಸಾರ್‌ಗೆ ಅಂಥ ಆಸರೆ ವರ್ಷಕ್ಕೆ ಒಂದೇ ದಿನ.

8ರ ಬೆಳಿಗ್ಗೆ ಸೂರ್ಯನಿಗೆ ಅರ್ಘ್ಯ ಕೊಟ್ಟು ಮನೆಗೆ ಬಂದೆವು. ಕಲ್ಲನ್ನು ಒರೆಸಿ ಮೂಲೆಗೆ ಸರಿಸುವ ಮೊದಲು ಆಜಿ ಕೇಳಿದರು, "ನಿಮ್ಮ ಕಡೆ ಬೀಸುವಾಗ ಹಾಡಲ್ವಾ?" ನನ್ನ ಅಜ್ಜಿಯ ಬೀಸುವ ಪದದಲ್ಲಿ ನನಗೆ ಬರುತ್ತಿದ್ದದ್ದು ಎರಡೇ ಸಾಲು. ಹಾಡಿದೆ. ಆಜಿ ಬರಿಗಲ್ಲನ್ನೇ ಅದರ ಲಯಕ್ಕೆ ತಿರುಗಿಸಿದರು. "ಮುಂದಿನದು?" ಎಂದರು.

ಅಂದೇ ಮಧ್ಯಾಹ್ನ ಊರಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿದೆ.