ರೂಟ್ ಪಾಸ್‌ವರ್ಡ್ ಲಕೋಟೆಗೆ ಹೋಯಿತು

12 ಜೂನ್ 2025, ಗುರುವಾರ

ಹೊಸ ಸರ್ವರ್‌ಗಳಿಗೆ ಇಎಸ್‌ಎಕ್ಸ್‌ಐ ಹಾಕಿ ಆಗಿತ್ತು. ಒಂದೇ ಸರ್ವರ್ ಮೇಲೆ ಹಲವು ವರ್ಚುವಲ್ ಮಷೀನ್‌ಗಳನ್ನು, ಅಂದರೆ ಸಾಫ್ಟ್‌ವೇರಿನಲ್ಲೇ ಇರುವ ಕಂಪ್ಯೂಟರ್‌ಗಳನ್ನು, ಓಡಿಸುವ ಸಾಫ್ಟ್‌ವೇರ್ ಇದು; ಅದನ್ನು ಹಾಕಿದ ಸರ್ವರೇ ಹೋಸ್ಟ್. ಇವುಗಳ ಒಳಗೆ ಯಾರು, ಯಾವ ಹೆಸರಿನಲ್ಲಿ, ಯಾವ ದಾರಿಯಿಂದ ಹೋಗಬೇಕು ಅನ್ನುವುದನ್ನು ಇವತ್ತು ತೀರ್ಮಾನ ಮಾಡಬೇಕಿತ್ತು. ಕೇಳುವುದಕ್ಕೆ ಸಣ್ಣ ಕೆಲಸ. ಆದರೆ ಒಂದು ಹೋಸ್ಟ್ ಕೈಗೆ ಸಿಕ್ಕರೆ ಅದರ ಮೇಲಿರುವ ಅಷ್ಟೂ ವರ್ಚುವಲ್ ಮಷೀನ್‌ಗಳು ಸಿಕ್ಕ ಹಾಗೆ. ಡಿಸ್ಕ್ ಫೈಲನ್ನೇ ನಕಲು ಮಾಡಿಕೊಂಡು ಹೋಗಬಹುದು, ಎಲ್ಲವನ್ನೂ ಒಂದೇ ಸಲ ಅಳಿಸಿಬಿಡಬಹುದು. ಒಳಗಿನ ಮಷೀನಿಗೆ ಎಷ್ಟು ಗಟ್ಟಿ ಪಾಸ್‌ವರ್ಡ್ ಇಟ್ಟಿದ್ದರೂ ಇದನ್ನು ತಡೆಯುವುದಿಲ್ಲ. ಅದಕ್ಕೇ ಈ ಕೆಲಸವನ್ನು ಅವಸರದಲ್ಲಿ ಮುಗಿಸಲು ನನಗೆ ಇಷ್ಟವಿಲ್ಲ.

ಹೋಸ್ಟಿನ ಮೇಲೆ ಪೂರ್ತಿ ಅಧಿಕಾರ ಇರುವ ಅಕೌಂಟಿಗೆ ರೂಟ್ ಅನ್ನುತ್ತಾರೆ. ಜೊತೆಗಿದ್ದ ಹುಡುಗ ಬೆಳಿಗ್ಗೆಯೇ ಕೇಳಿದ: "ಸರ್, ಎಲ್ಲಾ ಹೋಸ್ಟ್‌ಗೂ ಒಂದೇ ರೂಟ್ ಪಾಸ್‌ವರ್ಡ್ ಇಟ್ಟು ನಾವೆಲ್ಲಾ ಅದನ್ನೇ ಬಳಸಿದರೆ ಸುಲಭ ಅಲ್ವಾ?"

"ಸುಲಭವೇ ಕಣಪ್ಪಾ. ಆದರೆ ಒಂದು ಕಡೆ ಸೋರಿದರೆ ಎಲ್ಲಾ ಕಡೆ ಸೋರಿದ ಹಾಗೆ. ಮತ್ತೆ ಲಾಗ್ ತೆಗೆದು ನೋಡು, ಪ್ರತಿ ಸಾಲಿನಲ್ಲೂ ರೂಟ್ ಅಂತಲೇ ಇರುತ್ತೆ. ರಾತ್ರಿ ಮಷೀನ್ ಆಫ್ ಮಾಡಿದ್ದು ನೀನೋ ನಾನೋ, ಯಾರಿಗೆ ಗೊತ್ತಾಗುತ್ತೆ?"

ಅವನಿಗೆ ಇನ್ನೊಂದು ಸಂಗತಿಯನ್ನೂ ತೋರಿಸಿದೆ. ಹೋಸ್ಟನ್ನು ವಿಸೆಂಟರ್‌ಗೆ (ಎಲ್ಲಾ ಹೋಸ್ಟ್‌ಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್) ಸೇರಿಸುವಾಗ ರೂಟ್ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಬಳಸಿಕೊಂಡು ವಿಸೆಂಟರ್ ಆ ಹೋಸ್ಟಿನಲ್ಲಿ 'ವಿಪಿಎಕ್ಸ್‌ಯೂಸರ್' ಎಂಬ ತನ್ನದೇ ಅಕೌಂಟ್ ಮಾಡಿಕೊಳ್ಳುತ್ತದೆ. ಅದರ ಪಾಸ್‌ವರ್ಡ್ ಹೋಸ್ಟಿನಿಂದ ಹೋಸ್ಟಿಗೆ ಬೇರೆ. ಮೊದಲೇ ಇರುವ ಸೆಟ್ಟಿಂಗ್ ಪ್ರಕಾರ 30 ದಿನಕ್ಕೊಮ್ಮೆ ತಾನೇ ಬದಲಾಗುತ್ತದೆ. ಆಮೇಲೆ ರೂಟ್ ಪಾಸ್‌ವರ್ಡ್ ಬದಲಾಯಿಸಿದರೂ ವಿಸೆಂಟರ್ ಕೆಲಸ ನಿಲ್ಲುವುದಿಲ್ಲ. ಅಂದರೆ ದಿನನಿತ್ಯದ ಕೆಲಸಕ್ಕೆ ರೂಟ್ ಬೇಕಾಗಿಯೇ ಇಲ್ಲ. ಜನ ತಮ್ಮ ತಮ್ಮ ಹೆಸರಿನಲ್ಲಿ ವಿಸೆಂಟರ್‌ಗೆ ಲಾಗಿನ್ ಆಗಲಿ, ಹೋಸ್ಟಿನ ಜೊತೆ ಮಾತಾಡುವುದನ್ನು ವಿಸೆಂಟರ್ ನೋಡಿಕೊಳ್ಳಲಿ. ಹಾಗೇ ಮಾಡಿದೆವು. ಮಾನಿಟರಿಂಗ್‌ಗೆ ಓದುವ ಅನುಮತಿ ಮಾತ್ರ ಇರುವ ಬೇರೆ ಅಕೌಂಟ್ ಕೊಟ್ಟೆವು.

ಮಧ್ಯಾಹ್ನವೆಲ್ಲಾ ಆಕ್ಟಿವ್ ಡೈರೆಕ್ಟರಿ ಚರ್ಚೆಯಲ್ಲೇ ಕಳೆಯಿತು. ಸಂಸ್ಥೆಯ ಎಲ್ಲರ ಅಕೌಂಟು, ಗುಂಪುಗಳನ್ನು ಒಂದೇ ಕಡೆ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ ಅದು; ಅದರ ವ್ಯಾಪ್ತಿಗೆ ಡೊಮೈನ್ ಅನ್ನುತ್ತಾರೆ. ಹೋಸ್ಟ್‌ಗಳನ್ನು ನೇರವಾಗಿ ಡೊಮೈನ್‌ಗೆ ಸೇರಿಸಬೇಕೋ ಬೇಡವೋ? ನಾನು ಬೇಡ ಅಂದೆ. ಕಾರಣ ಇದೆ. ಡೊಮೈನ್‌ಗೆ ಸೇರಿದ ಇಎಸ್‌ಎಕ್ಸ್‌ಐ ಹೋಸ್ಟು 'ಇಎಸ್‌ಎಕ್ಸ್ ಅಡ್ಮಿನ್ಸ್' ಅನ್ನುವ ಗುಂಪಿನಲ್ಲಿರುವ ಎಲ್ಲರಿಗೂ ಪೂರ್ತಿ ಅಧಿಕಾರ ಕೊಡುತ್ತಿತ್ತು. ಆ ಗುಂಪು ಡೈರೆಕ್ಟರಿಯಲ್ಲಿ ಮೊದಲಿನಿಂದ ಇರುವುದೂ ಅಲ್ಲ. ಡೊಮೈನ್‌ನಲ್ಲಿ ಗುಂಪು ಮಾಡುವಷ್ಟು ಅಧಿಕಾರ ಗಿಟ್ಟಿಸಿದವನು ಆ ಹೆಸರಿನಲ್ಲಿ ಹೊಸ ಗುಂಪು ಮಾಡಿ ತನ್ನನ್ನು ಅದಕ್ಕೆ ಸೇರಿಸಿಕೊಂಡರೆ ಮುಗಿಯಿತು, ಹೋಸ್ಟ್‌ಗಳೆಲ್ಲಾ ಅವನವು. ಹೋಸ್ಟು ನೋಡುತ್ತಿದ್ದದ್ದು ಹೆಸರನ್ನು ಮಾತ್ರ. ರಾನ್ಸಮ್‌ವೇರ್ ಗುಂಪುಗಳು (ಡೇಟಾಕ್ಕೆ ಬೀಗ ಹಾಕಿ ಹಣ ಕೇಳುವವರು) ಇದನ್ನೇ ಬಳಸುತ್ತಿವೆ ಅಂತ 2024ರ ಜುಲೈನಲ್ಲಿ ಮೈಕ್ರೋಸಾಫ್ಟ್ ಬಹಿರಂಗಪಡಿಸಿತು. ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2024-37085 ಅಂದರೆ ಇದೇ. ಇಎಸ್‌ಎಕ್ಸ್‌ಐ 8.0 ಅಪ್‌ಡೇಟ್ 3ರಲ್ಲಿ ಸರಿ ಮಾಡಿದ್ದಾರೆ. ನಮ್ಮ ಹೊಸ ಹೋಸ್ಟ್‌ಗಳಲ್ಲಿ ಅದೇ ಇದೆ. ಆದರೂ ಡೊಮೈನ್ ಕುಸಿದ ದಿನ ಹೋಸ್ಟ್‌ಗಳೂ ಅದರ ಜೊತೆ ಹೋಗಬಾರದು ಅನ್ನುವುದು ನನ್ನ ಹಟ. ಕೊನೆಗೆ ಎಲ್ಲರೂ ಒಪ್ಪಿದರು.

ಇನ್ನು ರೂಟ್. ದಿನಾ ಬೇಡ ಅಂದಮಾತ್ರಕ್ಕೆ ಮರೆಯುವ ಹಾಗಿಲ್ಲ. ಕರೆಂಟು ಹೋಗಿ ಎಲ್ಲಾ ಹೋಸ್ಟ್‌ಗಳೂ ಒಟ್ಟಿಗೆ ಆಫ್ ಆದವು ಅಂದುಕೊಳ್ಳಿ. ವಿಸೆಂಟರ್ ಇರುವುದು ಇವುಗಳಲ್ಲೇ ಒಂದರ ಮೇಲೆ. ಡೊಮೈನ್ ನಡೆಸುವ ಡೊಮೈನ್ ಕಂಟ್ರೋಲರ್, ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೂಡ ಅಲ್ಲೇ. ಪಾಸ್‌ವರ್ಡ್‌ಗಳನ್ನು ಕೂಡಿಡುವ ವಾಲ್ಟ್ ಸಹ ಒಂದು ವರ್ಚುವಲ್ ಮಷೀನೇ! ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಆಗ ಹೋಸ್ಟಿನ ಕನ್ಸೋಲ್ (ಹೋಸ್ಟಿನದೇ ನೇರ ಪರದೆ) ತೆರೆದು ರೂಟ್ ಆಗಿ ಒಳಗೆ ಹೋಗುವುದೊಂದೇ ದಾರಿ. ಅದಕ್ಕೇ ಪ್ರತಿ ಹೋಸ್ಟಿಗೂ ಬೇರೆ ಬೇರೆ ರೂಟ್ ಪಾಸ್‌ವರ್ಡ್ ಇಟ್ಟು, ಐಪಿ ಸಮೇತ ಕಾಗದದಲ್ಲಿ ಬರೆದು, ಲಕೋಟೆ ಅಂಟಿಸಿ, ಅಂಟಿನ ಮೇಲೆ ಇಬ್ಬರು ಸಹಿ ಹಾಕಿ ಬೀರುವಿನಲ್ಲಿಟ್ಟೆವು. ಲಕೋಟೆ ಒಡೆದರೆ ಆ ಪಾಸ್‌ವರ್ಡ್ ಬದಲಾಗಲೇಬೇಕು.

ಆ ಪಾಸ್‌ವರ್ಡ್ ಆರಿಸುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಇದನ್ನು ಹೊಡೆಯುವುದು ಕಾಪಿ-ಪೇಸ್ಟ್ ಇಲ್ಲದ ಬೂದು-ಹಳದಿ ಕನ್ಸೋಲಿನಲ್ಲಿ, ಅದೂ ಗಾಬರಿಯ ಹೊತ್ತಿನಲ್ಲಿ. ರಿಮೋಟ್ ಕನ್ಸೋಲಿನಲ್ಲಿ ಕೀಬೋರ್ಡ್ ಲೇಔಟ್ ಬೇರೆ ಇದ್ದರೆ @ ಒತ್ತಿದಲ್ಲಿ " ಬೀಳುತ್ತದೆ. ಹೊಡೆದ ಅಕ್ಷರ ಪರದೆಯಲ್ಲಿ ಕಾಣುವುದೂ ಇಲ್ಲ. ಹಾಗಾಗಿ ಚಿಹ್ನೆಗಳನ್ನು ಬಿಟ್ಟು ಉದ್ದವಾದ ಪದಗಳ ಸಾಲನ್ನೇ ಮಾಡಿದೆವು. ಇನ್ನೊಂದು ಗಮನಿಸಿ: ಮೊದಲ ಅಕ್ಷರ ದೊಡ್ಡದಿದ್ದರೆ, ಕೊನೆಯಲ್ಲಿ ಅಂಕಿ ಇದ್ದರೆ ಪಾಸ್‌ವರ್ಡಿಗೆ ಬೇಕಾದ ಬೇರೆ ಬೇರೆ ವಿಧದ ಅಕ್ಷರಗಳ ಲೆಕ್ಕಕ್ಕೆ ಇಎಸ್‌ಎಕ್ಸ್‌ಐ ಅವನ್ನು ಹಿಡಿಯುವುದಿಲ್ಲ. ದೊಡ್ಡಕ್ಷರವನ್ನೂ ಅಂಕಿಯನ್ನೂ ಮಧ್ಯದಲ್ಲೇ ಇಡಬೇಕು. ಒಂದೊಂದನ್ನೂ ಕನ್ಸೋಲಿನಲ್ಲಿ ಹೊಡೆದು ನೋಡಿದ ಮೇಲೆಯೇ ಲಕೋಟೆಗೆ ಹಾಕಿದ್ದು.

ಸಂಜೆ ಲಾಕ್‌ಡೌನ್ ಮೋಡ್ ಆನ್ ಮಾಡಿದೆವು, ಅಂದರೆ ವಿಸೆಂಟರ್ ಮೂಲಕವಲ್ಲದೆ ಹೋಸ್ಟಿಗೆ ನೇರವಾಗಿ ಲಾಗಿನ್ ಆಗುವುದನ್ನು ತಡೆಯುವ ಸೆಟ್ಟಿಂಗ್. ನಾರ್ಮಲ್ ಸಾಕು, ಸ್ಟ್ರಿಕ್ಟ್ ಬೇಡ ಅಂದೆ. ಸ್ಟ್ರಿಕ್ಟ್‌ನಲ್ಲಿ ಕನ್ಸೋಲೂ ಮುಚ್ಚಿಹೋಗುತ್ತದೆ. ಆಗ ವಿಸೆಂಟರ್ ಕೈಕೊಟ್ಟು, ಈ ತಡೆಯಿಂದ ವಿನಾಯಿತಿ ಕೊಟ್ಟ ಅಕೌಂಟಿನಿಂದ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ವ್ಯವಸ್ಥೆ) ದಾರಿಯೂ ಇಲ್ಲದಿದ್ದರೆ ಹೋಸ್ಟನ್ನು ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಮಾಡಬೇಕಾಗುತ್ತದೆ. ನಾರ್ಮಲ್‌ನಲ್ಲಿ ರೂಟ್‌ಗೆ ಕನ್ಸೋಲ್ ಉಳಿದಿರುತ್ತದೆ, ಲಕೋಟೆಗೂ ಬೆಲೆ ಇರುತ್ತದೆ.

ಹಳೆಯ ಹೋಸ್ಟ್‌ಗಳ ಸರದಿ ನಾಳೆ. ಅಲ್ಲಿ ರೂಟ್ ಪಾಸ್‌ವರ್ಡ್ ಮುಟ್ಟುವ ಮೊದಲು ಯಾವ ಸ್ಕ್ರಿಪ್ಟು, ಯಾವ ಬ್ಯಾಕಪ್ ಸಾಫ್ಟ್‌ವೇರ್ ಅದನ್ನು ಒಳಗೆ ಇಟ್ಟುಕೊಂಡಿದೆ ಅಂತ ಹುಡುಕಬೇಕು. ಹಳೇ ಪಾಸ್‌ವರ್ಡ್ ಹಿಡಿದು ಅವು ಬಾಗಿಲು ಬಡಿಯುತ್ತಲೇ ಇದ್ದರೆ 5 ಸಲ ತಪ್ಪಾದ ಕೂಡಲೇ ರೂಟ್ 15 ನಿಮಿಷ ಲಾಕ್ ಆಗುತ್ತದೆ, ಬಿಡಿಸಿದರೆ ಮತ್ತೆ ಲಾಕ್. ಪಟ್ಟಿ ಮಾಡುವುದಕ್ಕೆ ಹುಡುಗನಿಗೆ ಹೇಳಿದ್ದೇನೆ. ಬ್ಯಾಕಪ್‌ಗೆ ಬೇಕಾದ ಅನುಮತಿಗಳನ್ನು ಒಂದೊಂದಾಗಿ ನೋಡಿ, ಅಷ್ಟನ್ನೇ ಸೇರಿಸಿ ಒಂದು ರೋಲ್ (ಅನುಮತಿಗಳ ಗುಂಪು) ಮಾಡುವ ಕೆಲಸ ನನ್ನದು.